ಈಲೈ ಮ್ಯಾನಿಂಗ್‌ಗೆ ಕ್ಯಾಂಟನ್‌ನಲ್ಲಿ ಜಾಗ ಉಂಟೆ?

117 ಗೆಲುವು, 117 ಸೋಲು. ನ್ಯೂಯಾರ್ಕ್ ಜೈಂಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ 16 ವರ್ಷ ಆಡಿ, 2020ರ ಜನವರಿಯಲ್ಲಿ ನಿವೃತ್ತರಾದ ಈಲೈ ಮ್ಯಾನಿಂಗ್ ಅವರ ಲೀಗ್ ಪಂದ್ಯಗಳ ಲೆಕ್ಕ ಇದು. ತಕ್ಕಡಿ ಎರಡೂ ಕಡೆ ಸಮ. ಇಂಥ ಆಟಗಾರನನ್ನು ಅಮೆರಿಕದ ಫುಟ್‌ಬಾಲಿನ ಅತಿದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ಗೆ ಸೇರಿಸಬೇಕೇ ಎಂಬ ವಾದ ಅಲ್ಲಿನ ಕ್ರೀಡಾಪುಟಗಳಲ್ಲಿ ವರ್ಷಗಳಿಂದ ನಡೆದಿದೆ. ಆ ಆಟವನ್ನೇ ನೋಡದವರಿಗೂ ಈ ವಾದ ಅರ್ಥವಾಗುವಂತೆ ಹೇಳಬಹುದು. ಮೊದಲು ಆಟದಿಂದಲೇ ಆರಂಭಿಸೋಣ.

ಮೈದಾನದ ಉದ್ದ 100 ಗಜ. ಎರಡೂ ಕಡೆ 11 ಮಂದಿ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು ಸಿಗುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಅಲ್ಲಿಯವರೆಗೆ ಹೋಗಲಾಗದೆ ಕಂಬಗಳ ನಡುವೆ ಒದ್ದರೆ ಮೂರು ಅಂಕ. ಸದ್ಯಕ್ಕೆ ಇಷ್ಟು ಸಾಕು. ಉಳಿದ ನಿಯಮಗಳು ನೂರಾರಿವೆ, ಅಮೆರಿಕದವರೇ ಅವುಗಳ ಬಗ್ಗೆ ಜಗಳವಾಡುತ್ತಾರೆ.

ಪ್ರತಿ ಅವಕಾಶವೂ ಶುರುವಾಗುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಚೆಂಡು ಬರುವುದರಿಂದ. ಅವನಿಗೆ ಸಿಗುವ ಸಮಯ ಮೂರು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಓಡುವವನ ಕೈಗೆ ಚೆಂಡು ಕೊಡಬೇಕೋ, ದೂರದಲ್ಲಿ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕೋ ನಿರ್ಧರಿಸಬೇಕು. ತಡಮಾಡಿದರೆ 130 ಕಿಲೋ ತೂಕದವರು ಬಂದು ನೆಲಕ್ಕೆ ಕೆಡವುತ್ತಾರೆ. ಆತುರಪಟ್ಟರೆ ಎಸೆದ ಚೆಂಡನ್ನು ಎದುರಾಳಿಯೇ ಹಿಡಿದುಬಿಡಬಹುದು. ಇದಕ್ಕೆ ಇಂಟರ್‌ಸೆಪ್ಷನ್ ಎನ್ನುತ್ತಾರೆ. ಈ ಪದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸಂಗತಿ ಹೊಸಬರಿಗೆ ವಿಚಿತ್ರವೆನಿಸುತ್ತದೆ. ದಾಳಿ ಮಾಡುವ ಹನ್ನೊಂದು ಮಂದಿಯೇ ಬೇರೆ, ತಡೆಯುವ ಹನ್ನೊಂದು ಮಂದಿಯೇ ಬೇರೆ. ಎದುರಾಳಿ ಅಂಕ ಗಳಿಸುತ್ತಿರುವಾಗ ಕ್ವಾರ್ಟರ್‌ಬ್ಯಾಕ್ ಮೈದಾನದ ಬದಿಯ ಬೆಂಚಿನ ಮೇಲೆ ಕುಳಿತಿರುತ್ತಾನೆ. ಆದರೂ ಪಂದ್ಯದ ಸೋಲು ಗೆಲುವು ಬರೆಯುವುದು ಅವನ ಹೆಸರಿಗೇ. ಬ್ಯಾಟಿಂಗ್ ಮಾತ್ರ ಮಾಡುವವನ ಲೆಕ್ಕಕ್ಕೆ ನಮ್ಮ ಬೌಲರ್‌ಗಳು ಬಿಟ್ಟುಕೊಟ್ಟ ರನ್ನುಗಳನ್ನೂ ಸೇರಿಸಿದ ಹಾಗೆ. ಹಾಗಾಗಿ 117–117 ಎಂಬುದು ಕೇಳಲು ಜೋರಾಗಿದ್ದರೂ ನನ್ನ ದೃಷ್ಟಿಯಲ್ಲಿ ಈಲೈ ವಿರುದ್ಧದ ಅತ್ಯಂತ ದುರ್ಬಲ ವಾದ. ಅವರ ವಿರುದ್ಧ ಇದಕ್ಕಿಂತ ಗಟ್ಟಿ ವಾದಗಳಿವೆ. ಅವಕ್ಕೆ ಆಮೇಲೆ ಬರೋಣ.

ಈಗ ಹಾಲ್ ಆಫ್ ಫೇಮ್ ವಿಷಯ. ಇದು ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿದೆ. ಈ ಆಟದ ದೊಡ್ಡ ಲೀಗ್ ಆದ ಇಂದಿನ ಎನ್‌ಎಫ್‌ಎಲ್ 1920ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಅದಕ್ಕೇ 1963ರಲ್ಲಿ ಈ ಭವನವನ್ನೂ ಅಲ್ಲಿ ತೆರೆದರು. ಆಯ್ಕೆಯಾದವರಿಗೆ ಬಂಗಾರದ ಬಣ್ಣದ ಕೋಟು ತೊಡಿಸುತ್ತಾರೆ, ಅವರ ಮುಖದ ಕಂಚಿನ ಪ್ರತಿಮೆಯನ್ನು ಭವನದಲ್ಲಿ ಇಡುತ್ತಾರೆ. ನಿವೃತ್ತಿಯಾಗಿ ಐದು ವರ್ಷ ಕಳೆಯದೆ ಹೆಸರು ಪರಿಗಣನೆಗೇ ಬರುವುದಿಲ್ಲ. ಆರಿಸುವವರು ಸುಮಾರು 50 ಮಂದಿಯ ಸಮಿತಿ, ಬಹುಪಾಲು ಕ್ರೀಡಾ ಪತ್ರಕರ್ತರು. ಶೇಕಡಾ 80ರಷ್ಟು ಮತ ಬೇಕು.

ಈಲೈ ಪರವಾಗಿ ಮಾತನಾಡುವವರು ಎರಡು ವರ್ಷಗಳನ್ನು ಮುಂದಿಡುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಆಗ ವರ್ಷಕ್ಕೆ 16 ಲೀಗ್ ಪಂದ್ಯ. ಬಳಿಕ ಪ್ಲೇಆಫ್, ಅಲ್ಲಿ ಒಂದು ಸೋತರೂ ಮನೆಗೆ. ಕೊನೆಯದು ಸೂಪರ್ ಬೌಲ್. 2007ರ ಋತುವಿನಲ್ಲಿ ಟಾಮ್ ಬ್ರೇಡಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಆಡಿದ 18 ಪಂದ್ಯಗಳನ್ನೂ ಗೆದ್ದು ಸೂಪರ್ ಬೌಲ್‌ಗೆ ಬಂದಿತ್ತು. ಎದುರಿಗೆ ಜೈಂಟ್ಸ್. 2008ರ ಫೆಬ್ರುವರಿ 3, ಅರಿಜೋನಾದ ಗ್ಲೆಂಡೇಲ್. ಪಂದ್ಯ ಮುಗಿಯಲು ಒಂದು ನಿಮಿಷ ಹದಿನೈದು ಸೆಕೆಂಡು ಇದ್ದಾಗ ಜೈಂಟ್ಸ್ 10–14ರಿಂದ ಹಿಂದಿತ್ತು. ಮೂರನೆಯ ಅವಕಾಶ, ಇನ್ನೂ ಐದು ಗಜ ಬಾಕಿ. ಇಬ್ಬರು ಎದುರಾಳಿಗಳು ಈಲೈ ಅಂಗಿಯನ್ನು ಹಿಡಿದೆಳೆದರು. ಬಿದ್ದೇ ಹೋದರು ಎನ್ನುವಾಗ ಹೇಗೋ ಕೊಸರಿಕೊಂಡು ಹಿಂದಕ್ಕೆ ಓಡಿ, ಮೈದಾನದ ನಡುಭಾಗಕ್ಕೆ ಚೆಂಡನ್ನು ಎತ್ತರಕ್ಕೆ ಎಸೆದರು. ಅಲ್ಲಿದ್ದವರು ಡೇವಿಡ್ ಟೈರಿ. ಆ ವರ್ಷದ ಲೀಗ್ ಪಂದ್ಯಗಳಲ್ಲೆಲ್ಲ ಸೇರಿ ಅವರು ಹಿಡಿದದ್ದು ನಾಲ್ಕೇ ಚೆಂಡು. ಮೈಮೇಲೆ ಎದುರಾಳಿ ಜೋತುಬಿದ್ದಿರುವಾಗ ಟೈರಿ ಜಿಗಿದು, ಚೆಂಡನ್ನು ಒಂದೇ ಕೈಯಲ್ಲಿ ತಮ್ಮ ಹೆಲ್ಮೆಟ್ಟಿಗೆ ಒತ್ತಿಹಿಡಿದುಕೊಂಡೇ ನೆಲಕ್ಕೆ ಬಿದ್ದರು. 32 ಗಜ ಬಂತು. ಸ್ವಲ್ಪದರಲ್ಲೇ ಪ್ಲೆಕ್ಸಿಕೊ ಬರೆಸ್‌ಗೆ ಎಸೆದ ಚೆಂಡು ಟಚ್‌ಡೌನ್ ಆಯಿತು, ಉಳಿದದ್ದು 35 ಸೆಕೆಂಡು. 17–14. ಟೈರಿ ಎನ್‌ಎಫ್‌ಎಲ್‌ನಲ್ಲಿ ಆಮೇಲೆ ಮತ್ತೊಂದು ಚೆಂಡು ಹಿಡಿಯಲಿಲ್ಲ.

ಈ ಕಥೆಗೆ ಒಂದು ಅಡಿಟಿಪ್ಪಣಿ ಇದೆ. ಅಭಿಮಾನಿಗಳು ಅದನ್ನು ಮೆಲ್ಲಗೆ ದಾಟಿಹೋಗುತ್ತಾರೆ. ಅದಕ್ಕೂ ಹಿಂದಿನ ಅವಕಾಶದಲ್ಲೇ ಈಲೈ ಎಸೆದ ಚೆಂಡು ಪೇಟ್ರಿಯಟ್ಸ್‌ನ ಅಸಾಂಟೆ ಸ್ಯಾಮ್ಯುಯೆಲ್ ಅವರ ಬೆರಳಿಗೆ ತಾಗಿ ಜಾರಿಹೋಗಿತ್ತು. ಅವರು ಹಿಡಿದಿದ್ದರೆ ಪಂದ್ಯ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತಿತ್ತು. ಇನ್ನೊಂದು ಮಾತು: ಲೀಗ್‌ನಲ್ಲಿ 589 ಅಂಕ ಪೇರಿಸಿದ್ದ, ಅಂದರೆ ಪಂದ್ಯಕ್ಕೆ 36ಕ್ಕೂ ಮಿಕ್ಕಿ ಗಳಿಸುತ್ತಿದ್ದ ಪೇಟ್ರಿಯಟ್ಸ್ ಅಂದು 14ಕ್ಕೆ ನಿಂತದ್ದು ಈಲೈ ಅವರಿಂದಲ್ಲ. ಮೈಕಲ್ ಸ್ಟ್ರೇಹನ್, ಜಸ್ಟಿನ್ ಟಕ್ ಮುಂತಾದವರಿದ್ದ ಜೈಂಟ್ಸ್ ರಕ್ಷಣಾಪಡೆ ಬ್ರೇಡಿಯನ್ನು ಐದು ಬಾರಿ ಕೆಡವಿತ್ತು. ಆದರೂ ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಹೋದದ್ದು ಈಲೈಗೆ.

ಈಲೈ ಅವರ ದೊಡ್ಡ ಸಾಧನೆ 2011ರದ್ದು ಎಂದು ನಾನು ಹೇಳುತ್ತೇನೆ. ಆ ವರ್ಷದ ಜೈಂಟ್ಸ್ ಸಾಧಾರಣ ತಂಡ. ಲೀಗ್‌ನಲ್ಲಿ 9 ಗೆಲುವು, 7 ಸೋಲು. ಗಳಿಸಿದ ಅಂಕ 394, ಬಿಟ್ಟುಕೊಟ್ಟದ್ದು 400. ಹೀಗೆ ಅಂಕದ ಲೆಕ್ಕದಲ್ಲೇ ಹಿಂದೆ ಬಿದ್ದ ತಂಡವೊಂದು ಸೂಪರ್ ಬೌಲ್ ಗೆದ್ದದ್ದು ಅದೇ ಮೊದಲು. ತಂಡವನ್ನು ಹೊತ್ತು ನಡೆದದ್ದು ಈಲೈ ತೋಳು: 4,933 ಗಜ, ಪಂದ್ಯದ ಕೊನೆಯ ಕಾಲುಭಾಗದಲ್ಲೇ 15 ಟಚ್‌ಡೌನ್. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದ ಸೆಮಿಫೈನಲ್‌ನಂಥ ಪಂದ್ಯದಲ್ಲಿ ಅವರನ್ನು ಆರು ಬಾರಿ ಕೆಡವಿದರು. ಅವರು ಮತ್ತೆ ಮತ್ತೆ ಎದ್ದು 58 ಬಾರಿ ಎಸೆದರು, ಹೆಚ್ಚುವರಿ ಸಮಯದಲ್ಲಿ ತಂಡ 20–17ರಿಂದ ಗೆದ್ದಿತು. ಎರಡು ವಾರದ ಬಳಿಕ ಇಂಡಿಯಾನಾಪೊಲಿಸ್‌ನಲ್ಲಿ ಮತ್ತೆ ಬ್ರೇಡಿ, ಮತ್ತೆ ಪೇಟ್ರಿಯಟ್ಸ್, ಮತ್ತೆ ಕೊನೆಯ ಗಳಿಗೆಯ ಗೆಲುವು, 21–17. ಮತ್ತೆ ಶ್ರೇಷ್ಠ ಆಟಗಾರ. ಈ ಪ್ರಶಸ್ತಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಗೆದ್ದ ಕ್ವಾರ್ಟರ್‌ಬ್ಯಾಕ್‌ಗಳು ಆರೇ ಮಂದಿ. ಬಾರ್ಟ್ ಸ್ಟಾರ್, ಟೆರಿ ಬ್ರಾಡ್‌ಶಾ, ಜೋ ಮೊಂಟಾನಾ ಕ್ಯಾಂಟನ್ ಸೇರಿಯಾಗಿದೆ. ಬ್ರೇಡಿ ಮತ್ತು ಪ್ಯಾಟ್ರಿಕ್ ಮಹೋಮ್ಸ್ ಸೇರುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಉಳಿದವರು ಈಲೈ.

ಇನ್ನು ವಿರೋಧಿಗಳ ಮಾತು. ಈಲೈ ಪ್ಲೇಆಫ್‌ನಲ್ಲಿ ಗೆದ್ದದ್ದು ಎಂಟು ಪಂದ್ಯ, ಎಂಟೂ ಆ ಎರಡು ವರ್ಷಗಳಲ್ಲಿ. ಮಿಕ್ಕ 14 ವರ್ಷಗಳಲ್ಲಿ ಒಂದೂ ಇಲ್ಲ. 244 ಇಂಟರ್‌ಸೆಪ್ಷನ್, ಮೂರು ಋತುಗಳಲ್ಲಿ ಇಡೀ ಲೀಗಿನಲ್ಲೇ ಅತಿ ಹೆಚ್ಚು ಅವರದ್ದು, ಆ ಮೂರರಲ್ಲಿ ಒಂದು ಇದೇ 2007. ಎಲ್ಲಕ್ಕಿಂತ ಭಾರವಾದದ್ದು ಮುಂದಿನದು. ವರ್ಷದ ಅತ್ಯುತ್ತಮರನ್ನು ಆರಿಸುವ ಆಲ್‌ಪ್ರೊ ಮೊದಲ ತಂಡದಲ್ಲಿ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಅಂದರೆ 16 ವರ್ಷಗಳಲ್ಲಿ ಯಾವ ವರ್ಷವೂ ಅವರನ್ನು ದೇಶದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಎಂದು ಯಾರೂ ಕರೆಯಲಿಲ್ಲ. ಆ ಮಾತಿಗೆ ಅವರ ಅಣ್ಣ ಪೇಟನ್ ಮ್ಯಾನಿಂಗ್ ಮತ್ತು ಬ್ರೇಡಿ ಇದ್ದರು. 57,023 ಗಜ, 366 ಟಚ್‌ಡೌನ್ ದೊಡ್ಡ ಮೊತ್ತವೇ, ನಿವೃತ್ತಿಯ ಹೊತ್ತಿಗೆ ಎರಡರಲ್ಲೂ ಸಾರ್ವಕಾಲಿಕ ಏಳನೇ ಸ್ಥಾನ. ಆದರೆ ಅದರಲ್ಲಿ ಬಹುಪಾಲು ದೀರ್ಘಕಾಲ ಆಡಿದ್ದರ ಫಲ, ಜೊತೆಗೆ ಎಸೆತಕ್ಕೆ ಅನುಕೂಲವಾದ ಕಾಲದ ಫಲ. ದೀರ್ಘಕಾಲ ಆಡುವುದೂ ಗುಣವೇ ಅಲ್ಲವೇ ಎಂದು ನೀವು ಕೇಳಬಹುದು. ಮೈ ಮುರಿಯುವ ಈ ಆಟದಲ್ಲಿ ಲೀಗ್‌ನ ಸತತ 210 ಪಂದ್ಯ ತಪ್ಪದೆ ಕಣಕ್ಕಿಳಿದದ್ದು ಸಣ್ಣ ಮಾತಲ್ಲ. 2017ರಲ್ಲಿ ಕೋಚ್ ಅವರನ್ನು ಒಂದು ಪಂದ್ಯ ಕೂರಿಸಿದ್ದಕ್ಕೆ ಎಷ್ಟು ಕೋಲಾಹಲವಾಯಿತೆಂದರೆ, ಆ ಪಂದ್ಯದ ಮರುದಿನವೇ ಕೋಚ್ ಕೆಲಸ ಕಳೆದುಕೊಂಡರು.

ಹೋಲಿಕೆಗೆ ಫಿಲಿಪ್ ರಿವರ್ಸ್ ಅವರಿಗಿಂತ ಒಳ್ಳೆಯ ಹೆಸರಿಲ್ಲ. 2004ರಲ್ಲಿ ಹೊಸ ಆಟಗಾರರ ಆಯ್ಕೆಯ ದಿನ ಈಲೈ ಅವರನ್ನು ಮೊದಲು ಆರಿಸಿದ್ದು ಸ್ಯಾನ್ ಡಿಯಾಗೊ ತಂಡ. ಅಲ್ಲಿ ಆಡುವುದಿಲ್ಲ ಎಂದು ಅವರು ಮೊದಲೇ ಹಟ ಹಿಡಿದಿದ್ದರು. ಜೈಂಟ್ಸ್ ಆರಿಸಿದ್ದ ರಿವರ್ಸ್ ಅತ್ತ ಹೋದರು, ಈಲೈ ಇತ್ತ ಬಂದರು. ರಿವರ್ಸ್ ಗಜದಲ್ಲೂ ಟಚ್‌ಡೌನ್‌ನಲ್ಲೂ ಈಲೈಗಿಂತ ಮುಂದೆ. ವರ್ಷದಿಂದ ವರ್ಷಕ್ಕೆ ನೋಡಿದರೆ ರಿವರ್ಸ್ ಉತ್ತಮ ಆಟಗಾರ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಅವರು ಒಮ್ಮೆಯೂ ಸೂಪರ್ ಬೌಲ್ ಆಡಲಿಲ್ಲ.

ಹಿಂದಿನ ತೀರ್ಪುಗಳೂ ಒಂದೇ ದಾರಿ ತೋರುವುದಿಲ್ಲ. ಜಿಮ್ ಪ್ಲಂಕೆಟ್ ರೇಡರ್ಸ್ ತಂಡಕ್ಕೆ ಎರಡು ಸೂಪರ್ ಬೌಲ್ ಗೆದ್ದುಕೊಟ್ಟರು. ಅವರ ಲೆಕ್ಕವೂ ಸರಿಸಮ, 72–72. ಅವರಿಗೆ ಬಾಗಿಲು ತೆರೆಯಲಿಲ್ಲ. ಜೋ ನೇಮತ್ ಎಸೆದದ್ದು 173 ಟಚ್‌ಡೌನ್, 220 ಇಂಟರ್‌ಸೆಪ್ಷನ್. ಗೆಲುವಿಗಿಂತ ಸೋಲು ಒಂದು ಹೆಚ್ಚು. ಆದರೆ ಒಂದೇ ಋತುವಿನಲ್ಲಿ 4,000 ಗಜ ದಾಟಿದ ಮೊದಲಿಗರು ಅವರು. 1969ರ ಜನವರಿಯ ಸೂಪರ್ ಬೌಲ್‌ನಲ್ಲಿ ಗೆದ್ದೇ ಗೆಲ್ಲುತ್ತೇವೆ ಎಂದು ಮೊದಲೇ ಸಾರಿ, ಯಾರೂ ನಂಬದಿದ್ದ ಜೆಟ್ಸ್ ತಂಡದಿಂದ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು ಮಣಿಸಿದವರೂ ಅವರೇ. 1985ರಲ್ಲಿ ಅವರನ್ನು ಸೇರಿಸಿಕೊಂಡರು.

ಮತದಾನದ ಲೆಕ್ಕವನ್ನೂ ಸ್ವಲ್ಪ ನೋಡಿ. 2025ರ ಹೊಸ ನಿಯಮದಂತೆ ಕೊನೆಯಲ್ಲಿ ಏಳು ಹೆಸರು ಉಳಿಯುತ್ತವೆ, ಪ್ರತಿ ಸದಸ್ಯರೂ ಐದು ಹೆಸರಿಗೆ ಮತ ಹಾಕುತ್ತಾರೆ. 50 ಮಂದಿಯ ಒಟ್ಟು ಮತ 250. ಏಳರಲ್ಲಿ ಸಮನಾಗಿ ಹಂಚಿಹೋದರೆ ತಲಾ 36 ಕೂಡ ಸಿಗುವುದಿಲ್ಲ, ಬೇಕಾದದ್ದು 40. ಎಲ್ಲರೂ ಯೋಗ್ಯರಾಗಿದ್ದರೆ ಆ 40 ಮುಟ್ಟುವುದು ಎಲ್ಲರಿಗೂ ಕಷ್ಟವಾಗಬಹುದು! ಆ ವರ್ಷ ಒಟ್ಟು ನಾಲ್ಕೇ ಮಂದಿ ಆಯ್ಕೆಯಾದರು. ಮೊದಲ ಬಾರಿ ಪಟ್ಟಿಗೆ ಬಂದಿದ್ದ ಈಲೈ ಕೊನೆಯ ಏಳರವರೆಗೂ ತಲುಪಲಿಲ್ಲ. ಅಂದರೆ ಸಮಿತಿಯ ಮುಂದಿರುವುದು ಈ ಮನುಷ್ಯ ಯೋಗ್ಯನೇ ಎಂಬ ಪ್ರಶ್ನೆಯಷ್ಟೇ ಅಲ್ಲ, ಪಕ್ಕದಲ್ಲಿ ಕಾಯುತ್ತಿರುವವರಿಗಿಂತ ಮೊದಲು ಒಳಗೆ ಬಿಡಬೇಕೇ ಎಂಬ ಪ್ರಶ್ನೆ.

ಜೈಂಟ್ಸ್ ಹೆಸರಿಗೆ ನ್ಯೂಯಾರ್ಕ್ ತಂಡವಾದರೂ ಆಡುವುದು ನ್ಯೂಜೆರ್ಸಿಯ ಈಸ್ಟ್ ರದರ್ಫರ್ಡ್‌ನಲ್ಲಿ. ಆ ಕಡೆ ನೆಲೆಸಿದ ನೆಂಟರು ನಿಮಗಿದ್ದರೆ ಕೇಳಿ ನೋಡಿ, ಒಂದು ಗಂಟೆಯ ಮಾತಿಗೆ ಕೊರತೆಯಿರುವುದಿಲ್ಲ. ನನ್ನ ಉತ್ತರ ಹೀಗಿದೆ. ಈಲೈ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಅಲ್ಲ, ಒಳ್ಳೆಯ ಕ್ವಾರ್ಟರ್‌ಬ್ಯಾಕ್. ಆದರೆ ಎಂಟು ಪಂದ್ಯಗಳಲ್ಲಿ, ಅದೂ ಸೋತರೆ ಮನೆಗೆ ಎನ್ನುವ ಪಂದ್ಯಗಳಲ್ಲಿ, ಒಮ್ಮೆಯೂ ಸೋಲದೆ ಆಡಿದರು. ಆ ಎಂಟರ ಪೈಕಿ ಎರಡು ಅವರ ಕಾಲದ ಅತ್ಯುತ್ತಮ ತಂಡದ ವಿರುದ್ಧ. ನೇಮತ್‌ಗೆ ತೆರೆದ ಬಾಗಿಲನ್ನು ಇವರಿಗೆ ಮುಚ್ಚಲು ಕಾರಣ ನನಗೆ ಕಾಣುವುದಿಲ್ಲ. ನನಗೆ ಮತವಿದ್ದರೆ ಈಲೈಗೆ ಹಾಕುತ್ತಿದ್ದೆ, ಆದರೆ ವರ್ಷಗಟ್ಟಲೆ ಕಾದು ನಿಂತವರಲ್ಲಿ ಅವರಿಗಿಂತ ಯೋಗ್ಯರ ಸರದಿ ಮುಗಿದ ಮೇಲೆ.