ಆರೋಗ್ಯ ಪ್ರಶ್ನೋತ್ತರ: ಉಸಿರು ಬೇಗ ಪಳಗುತ್ತದೆ, ಮೂಳೆ ನಿಧಾನ

ಈ ಸಲ ಬಂದ ಪತ್ರಗಳಲ್ಲಿ ಓಟದ ಬಗೆಗಿನವೇ ಹೆಚ್ಚು. ಬೆಂಗಳೂರಿನ ಕಬ್ಬನ್ ಪಾರ್ಕಿರಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯಿರಲಿ, ಬೆಳಗಿನ ಜಾವ ಓಡುವವರು ಕಾಣದ ಜಾಗವಿಲ್ಲ. ವೈದ್ಯನಾಗಿ ನನಗೆ ಇದು ನಿಜವಾದ ಸಂತೋಷ. ಆದರೆ ನಡಿಗೆಯಿಂದ ನೇರವಾಗಿ ಹಾಫ್ ಮ್ಯಾರಥಾನ್‌ಗೆ, ಅಂದರೆ 21.1 ಕಿ.ಮೀ. ಓಟಕ್ಕೆ ಜಿಗಿಯುವ ಅವಸರ ಈ ಪತ್ರಗಳಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಐದು ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 42 ವರ್ಷ, ಬ್ಯಾಂಕ್ ಉದ್ಯೋಗಿ. ಎರಡು ವರ್ಷದಿಂದ ದಿನವೂ 5 ಕಿ.ಮೀ. ನಡೆಯುತ್ತೇನೆ. ಐದು ತಿಂಗಳ ನಂತರದ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ನಮ್ಮ ತಂದೆಗೆ 52ನೇ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು. ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ಓಡಬಹುದೇ ಡಾಕ್ಟರೇ? (ದಾವಣಗೆರೆ)

ಉತ್ತರ: ಮನೆಯವರ ಆತಂಕದಲ್ಲಿ ಅರ್ಥವಿದೆ. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷದೊಳಗೆ, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65 ವರ್ಷದೊಳಗೆ ಹೃದಯದ ತೊಂದರೆ ಬಂದಿದ್ದರೆ ನಿಮ್ಮ ಅಪಾಯವೂ ಹೆಚ್ಚು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ಮಾಡಿಸಿ ಹೃದಯ ತಜ್ಞರನ್ನು ಒಮ್ಮೆ ಕಾಣಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಅವರು ಹೇಳುತ್ತಾರೆ. ಎಲ್ಲ ಸರಿಯಿದ್ದರೆ ಧೈರ್ಯವಾಗಿ ಓಡಿ. ಆದರೆ ವರದಿ ನಾರ್ಮಲ್ ಬಂತೆಂದು ಮೈ ಕೊಡುವ ಸೂಚನೆಯನ್ನು ಕಡೆಗಣಿಸಬೇಡಿ. ಓಡುವಾಗ ಎದೆ ಹಿಂಡಿದಂತಾದರೆ, ನೋವು ದವಡೆಗೋ ತೋಳಿಗೋ ಹರಿದರೆ, ಕಣ್ಣು ಕತ್ತಲೆ ಬಂದರೆ, ಎದೆಬಡಿತ ತಪ್ಪಿದಂತೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕು ಎಂದು ಮನೆಗೆ ಹೋಗಿ ಮಲಗಬೇಡಿ.

ಐದು ತಿಂಗಳು ಅಂದರೆ ಸುಮಾರು 21 ವಾರ. ಮೊದಲ ನಾಲ್ಕು ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ, ವಾರಕ್ಕೆ ಮೂರು ದಿನ ಸಾಕು. ಆಮೇಲೆ ಭಾನುವಾರದ ದೊಡ್ಡ ಓಟವನ್ನು 5 ಕಿ.ಮೀ.ನಿಂದ ಶುರುಮಾಡಿ ವಾರಕ್ಕೆ ಒಂದೊಂದೇ ಕಿ.ಮೀ. ಸೇರಿಸಿ. ಪ್ರತಿ ನಾಲ್ಕನೇ ವಾರ ದೂರ ಇಳಿಸಿ ಕಾಲಿಗೆ ಬಿಡುವು ಕೊಡಿ. ಹೀಗೆ 16 ಕಿ.ಮೀ. ತಲುಪಿದರೆ ಸಾಕು, ಮೊದಲ ಸಲ ಓಡುವವರು ಅಭ್ಯಾಸದಲ್ಲೇ 21 ಮುಟ್ಟಬೇಕಿಲ್ಲ. ಕೊನೆಯ ಎರಡು ವಾರ ದೂರ ಕಡಿಮೆ ಮಾಡಿ. ವೇಗ ಎಷ್ಟಿರಬೇಕು ಎಂದರೆ, ಪಕ್ಕದಲ್ಲಿ ಓಡುವವರಿಗೆ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳುವಂತಿರಬೇಕು.

ಪ್ರಶ್ನೆ: ವಯಸ್ಸು 29, ಸಾಫ್ಟ್‌ವೇರ್ ಉದ್ಯೋಗಿ. ಓಡಲು ಶುರುಮಾಡಿ ಎಂಟು ವಾರವಾಯಿತು. ಈಗ ಏದುಸಿರೇ ಬರುವುದಿಲ್ಲ, ಹಾಗಾಗಿ ದೂರ ಜಾಸ್ತಿ ಮಾಡಿದೆ. ಎರಡು ವಾರದಿಂದ ಬಲಗಾಲಿನ ಮುಂಭಾಗದಲ್ಲಿ, ಮೊಣಕಾಲಿನ ಕೆಳಗೆ ನೋವು. ಓಟ ಮುಂದುವರಿಸಲೇ? (ಬೆಂಗಳೂರು)

ಉತ್ತರ: ಹೊಸದಾಗಿ ಓಡುವವರಿಗೆ ಬರುವ ನೋವುಗಳ ಮೂಲವೇ ಹೀಗೆ ದೂರ ಹೆಚ್ಚಿಸುವ ಅವಸರ. ಹೃದಯ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟಿರುವ ನಾರಿಗೆ ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಸ್ವಲ್ಪ ಸವೆದು, ಬಿಡುವು ಸಿಕ್ಕಾಗ ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಿಡುವು ಕೊಡದಿದ್ದರೆ ಸವೆತ ಮಾತ್ರ ಉಳಿಯುತ್ತದೆ. ಉಸಿರು ‘ಇನ್ನೂ ಓಡು’ ಅನ್ನುವ ಹೊತ್ತಿಗೆ ಮೂಳೆ ಇನ್ನೂ ತಯಾರಾಗಿರುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ಕುಳಿತು, ನೋವಿರುವ ಕಾಲಿನ ಮುಂಭಾಗದ ಮೂಳೆಯ ಒಳ ಅಂಚಿನ ಮೇಲೆ ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ಒಂದು ಗೇಣಿನಷ್ಟು ಉದ್ದಕ್ಕೂ ನೋವಿದ್ದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ಸ್. ಎರಡು ಮೂರು ವಾರ ಓಟ ನಿಲ್ಲಿಸಿ ಸೈಕಲ್ ತುಳಿದರೆ, ಮೀನಖಂಡದ ವ್ಯಾಯಾಮ ಮಾಡಿದರೆ ಬಹುಪಾಲು ತಗ್ಗುತ್ತದೆ. ಹಾಗಲ್ಲದೆ ಬೆರಳ ತುದಿಯಷ್ಟೇ ಜಾಗದಲ್ಲಿ ಚುಳ್ಳೆಂದು ನೋಯುತ್ತಿದ್ದರೆ, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ನೋವಿದ್ದರೆ, ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು. ಇದನ್ನೇ ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತೇವೆ. ಶುರುವಿನ ಎರಡು ಮೂರು ವಾರ ಇದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗುತ್ತದೆ. ಅಂಥ ಕಾಲಿನಲ್ಲಿ ಒಂದು ಹೆಜ್ಜೆಯೂ ಓಡಬೇಡಿ, ಮೂಳೆ ತಜ್ಞರಿಗೆ ತೋರಿಸಿ.

ಓಡುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಓಟ ಹೆಚ್ಚಿಸಿದ ಮೇಲೆ ಮುಟ್ಟು ಏರುಪೇರಾಗಿದ್ದರೆ ಅಥವಾ ನಿಂತಿದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಓಟಕ್ಕೆ ತಕ್ಕಷ್ಟು ಊಟ ಸಾಲುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ಮೂಳೆಯೂ ಅದರಿಂದಲೇ ದುರ್ಬಲವಾಗುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ.

ಪ್ರಶ್ನೆ: ಓಡುವಾಗ ಎಷ್ಟು ನೀರು ಕುಡಿಯಬೇಕು? ನಮ್ಮ ಸೆಕೆಗೆ ಬೆವರು ಧಾರಾಕಾರ. ಗೆಳೆಯರು ಪ್ರತಿ ಕಿ.ಮೀ.ಗೂ ಕುಡಿ ಅನ್ನುತ್ತಾರೆ. (ಉಪನ್ಯಾಸಕರು, ಮಂಗಳೂರು)

ಉತ್ತರ: ಅತಿಯಾದರೆ ಅಮೃತವೂ ವಿಷ, ನೀರಿಗೂ ಈ ಮಾತು ಸಲ್ಲುತ್ತದೆ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ, ವಾಕರಿಕೆ, ತಲೆನೋವು, ಬೆರಳಿನ ಉಂಗುರ ಬಿಗಿಯುವಷ್ಟು ಊತ, ಕೊನೆಗೆ ಫಿಟ್ಸ್ ಕೂಡ ಬರಬಹುದು. ಮೂರು ಗಂಟೆ ನಿಧಾನವಾಗಿ ಓಡುತ್ತಾ ಸಿಕ್ಕಲ್ಲೆಲ್ಲ ಕುಡಿಯುವವರಿಗೇ ಈ ಅಪಾಯ ಹೆಚ್ಚು.

ನಿಮ್ಮ ಲೆಕ್ಕ ನೀವೇ ಕಂಡುಕೊಳ್ಳಿ. ಒಂದು ಗಂಟೆ ಓಡುವ ಮುಂಚೆ ತೂಕ ನೋಡಿ, ಓಡಿ ಬಂದು ಬೆವರು ಒರೆಸಿ ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಹೋಗಿದೆ ಎಂದರ್ಥ. 60 ಕಿಲೋ ತೂಗುವವರಿಗೆ ಒಂದು ಕಿಲೋ ಇಳಿತ ಗಾಬರಿಯ ವಿಷಯವಲ್ಲ. ಓಡಿದ ಮೇಲೆ ತೂಕ ಏರಿದ್ದರೆ ಮಾತ್ರ ನೀವು ಅತಿಯಾಗಿ ಕುಡಿದಿದ್ದೀರಿ. ಬಾಯಾರಿದಾಗ ಕುಡಿಯಿರಿ. ಒಂದು ಗಂಟೆ ಮೀರಿದ ಓಟಕ್ಕೆ ಓಆರ್‌ಎಸ್ ಇರಲಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ.

ಕರಾವಳಿಯಲ್ಲಿ ಗಾಳಿಯೇ ತೇವವಾದ್ದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ವೇಗ ಇಳಿಸಿ, ಬಿಸಿಲೇರುವ ಮೊದಲೇ ಮುಗಿಸಿ. ಜೊತೆಯವರು ತಡವರಿಸಿ ಮಾತಾಡಿದರೆ, ಅಡ್ಡಾದಿಡ್ಡಿ ಹೆಜ್ಜೆ ಹಾಕಿದರೆ ಅದು ಶಾಖಾಘಾತ ಇರಬಹುದು. ಆಂಬುಲೆನ್ಸ್‌ಗೆ ಫೋನ್ ಮಾಡಿ. ಅದು ಬರುವವರೆಗೆ ಕಾಯದೆ ಅವರನ್ನು ನೆರಳಿಗೆ ಎಳೆದು ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಪ್ರಶ್ನೆ: 51 ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. 10 ಕಿ.ಮೀ. ಆರಾಮಾಗಿ ಓಡುತ್ತೇನೆ. 21ಕ್ಕೆ ಹೋಗಬಹುದೇ? (ಹುಬ್ಬಳ್ಳಿ)

ಉತ್ತರ: ಹೋಗಬಹುದು, ತಯಾರಿ ಮಾತ್ರ ಬೇರೆ. ಗ್ಲಿಮೆಪಿರೈಡ್ ಇರುವಾಗ ಉದ್ದ ಓಟದಲ್ಲಿ ಸಕ್ಕರೆ ಏಕಾಏಕಿ ಕುಸಿಯಬಹುದು. ಕೈ ನಡುಕ, ತಣ್ಣನೆ ಬೆವರು, ಮಂಕು ಇವೇ ಅದರ ಲಕ್ಷಣ. ಓಡುವವರು ಇದನ್ನು ಆಯಾಸ ಎಂದೇ ತಿಳಿದು ಮುಂದೆ ಸಾಗುತ್ತಾರೆ. ಓಟದ ದಿನ ಮಾತ್ರೆಯ ಪ್ರಮಾಣ ಏನಿರಬೇಕೆಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿ, ನೀವಾಗಿ ಬದಲಿಸಬೇಡಿ. ಹೊರಡುವ ಮುಂಚೆ ಸಕ್ಕರೆ ನೋಡಿಕೊಳ್ಳಿ. 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದೇ ಹೊರಡಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ, ಜೊತೆಗೆ ನಿಮ್ಮ ಕಾಯಿಲೆ ಗೊತ್ತಿರುವ ಒಬ್ಬ ಗೆಳೆಯ ಇರಲಿ. ಓಡಿದ ದಿನ ರಾತ್ರಿಯೂ ಸಕ್ಕರೆ ಇಳಿಯಬಹುದು, ಊಟ ಬಿಡಬೇಡಿ.

ಕಣ್ಣಿನ ಅಕ್ಷಿಪಟಲ ಮತ್ತು ಪಾದದ ಸ್ಪರ್ಶಜ್ಞಾನದ ಪರೀಕ್ಷೆ ಮಾಡಿಸದೆ ದೂರ ಹೆಚ್ಚಿಸಬೇಡಿ. ಪ್ರತಿ ಓಟದ ನಂತರ ಬೆರಳುಗಳ ಸಂದಿಯನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ನೋವು ಗೊತ್ತಾಗದ ಕಾಲಿನಲ್ಲಿ ಒಂದು ಬೊಬ್ಬೆಯೇ ಹುಣ್ಣಾಗಿಬಿಡುತ್ತದೆ.

ಪ್ರಶ್ನೆ: ಓಟಕ್ಕೆ ಹತ್ತು ದಿನ ಇದೆ. ಮೊನ್ನೆ ಜ್ವರ ಬಂದು ಇಳಿದಿದೆ, ಮೈಕೈ ನೋವಿದೆ. ಮುಂಚೆಯೇ ನೋವಿನ ಮಾತ್ರೆ ನುಂಗಿ ಓಡಿದರೆ ಆಗದೇ? (35 ವರ್ಷ, ಮೈಸೂರು)

ಉತ್ತರ: ಖಂಡಿತ ಬೇಡ. ಓಡುವಾಗ ರಕ್ತ ಕಾಲಿನ ಸ್ನಾಯುಗಳ ಕಡೆ ಹರಿದು ಮೂತ್ರಪಿಂಡಕ್ಕೆ ಕಡಿಮೆಯಾಗುತ್ತದೆ. ಬೆವರಿ ಬತ್ತಿದ ಮೈಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ಸೇರಿದರೆ ಆ ರಕ್ತದ ಹರಿವು ಇನ್ನಷ್ಟು ತಗ್ಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ವೈರಲ್ ಜ್ವರದ ಬೆನ್ನಿಗೇ ಕಠಿಣವಾಗಿ ಓಡುವುದೂ ತಪ್ಪು, ಹೃದಯದ ಸ್ನಾಯುವಿಗೆ ಸೋಂಕು ತಗುಲಿದ್ದರೆ ಆಗ ಬಡಿತವೇ ಏರುಪೇರಾಗಬಹುದು. ಈ ವಾರ ನಡೆಯಿರಿ. ಮೈ ಪೂರ್ತಿ ಹಗುರವಾಗದಿದ್ದರೆ, ಮೆಟ್ಟಿಲು ಹತ್ತುವಾಗ ಎಂದಿಗಿಂತ ಹೆಚ್ಚು ದಣಿವಾದರೆ ಈ ಸಲದ ಓಟ ಬಿಡಿ, ವೈದ್ಯರನ್ನು ಕಾಣಿ.

ಹಿಂದೆ ಒಂದು ಓಟದ ವೈದ್ಯಕೀಯ ಶಿಬಿರದಲ್ಲಿ ನಾನಿದ್ದಾಗ, ಒಬ್ಬ ತಾಯಿ 18ನೇ ಕಿ.ಮೀ. ಹತ್ತಿರ ತಾವಾಗಿಯೇ ಬಂದು ಕುಳಿತರು. ಮೀನಖಂಡ ಕಲ್ಲಿನಂತೆ ಬಿಗಿದಿತ್ತು, ಹಣೆಯ ಮೇಲೆ ಉಪ್ಪು ಬಿಳಿಯಾಗಿ ಕಟ್ಟಿತ್ತು. “ಇನ್ನು ಮೂರೇ ಇತ್ತು ಡಾಕ್ಟರೇ, ಆದರೆ ಸಾಕು ಅನ್ನಿಸಿತು” ಅಂದರು. ಆ ದಿನ ನಾನು ಕಂಡ ಅತ್ಯಂತ ತಿಳಿವಳಿಕೆಯ ಓಟಗಾರ್ತಿ ಅವರೇ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಓಡಿ, ಮನೆಯವರನ್ನೂ ಕರೆದುಕೊಂಡು ಓಡಿ. ಆದರೆ ಉಸಿರಿನ ಮಾತು ಕೇಳಿ ದೂರ ಹೆಚ್ಚಿಸಬೇಡಿ, ಮೂಳೆಯ ಮಾತು ಕೇಳಿ ಹೆಚ್ಚಿಸಿ. ಈ ವರ್ಷ ಕಾಲು ತಯಾರಿಲ್ಲದಿದ್ದರೆ ಬರುವ ವರ್ಷವೂ ಓಟ ಇದ್ದೇ ಇರುತ್ತದೆ.