ಅಂಜಿಕೆಗೆ ‘ಕೈಂಡ್ ಆಫ್’ ಬೇಡ

ತಂಗಿ, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟಿದ್ದೀಯಲ್ಲ, ನಿನ್ನ ಇಂಗ್ಲಿಷಿನ ಬಗ್ಗೆ ಒಂದು ಮಾತು ಹೇಳಬೇಕು. ವ್ಯಾಕರಣದ್ದಲ್ಲ. ‘ಐ ಕೈಂಡ್ ಆಫ್ ನೋ ಎಕ್ಸೆಲ್’, ‘ಲೈಕ್, ಸಾರ್ಟ್ ಆಫ್ ಪ್ರಾಜೆಕ್ಟ್ ಮಾಡೇನಿ’ ಅನ್ನುತ್ತೀಯಲ್ಲ, ಅದು.

ಆ ಪದಗಳು ತಪ್ಪಲ್ಲ. ಇಂಗ್ಲಿಷ್ ಮನೆಮಾತಾದವರೂ ದಿನವಿಡೀ ಆಡುತ್ತಾರೆ. ಎದುರಿನವರ ಮನಸ್ಸು ನೋಯಬಾರದೆಂದು, ಇಲ್ಲವೆ ತಮಗೇ ಖಾತ್ರಿಯಿಲ್ಲವೆಂದು. ನಾವೂ ‘ಸಾರಿಗೆ ಉಪ್ಪು ಚೂರು ಮುಂದಾಗೇದೇನೋ’ ಅನ್ನುತ್ತೇವೆ. ನಮ್ಮ ಸವಣೂರಿನ ಎಲೆತೋಟದವರನ್ನು ಮಳೆಯ ಬಗ್ಗೆ ಕೇಳಿನೋಡು: ‘ಎರಡ್ಮೂರು ದಿನದಾಗ ಬಂದೀತ್ರಿ’. ಎರಡೋ ಮೂರೋ, ಬಂದರೆ ಬಂದೀತು. ಅನುಮಾನವೆಲ್ಲ ಆ ಮಾತಿನಲ್ಲೇ ಇದೆ. ಅದೇ ಮನುಷ್ಯನನ್ನು ಎಲೆಯ ಬಗ್ಗೆ ಕೇಳು: ‘ಬಲತಾವ್ರಿ, ನಾಳಿ ಕೊಯ್ತೀನಿ’. ಅಲ್ಲಿ ‘ಏನೋ’ ಇಲ್ಲ. ಮಳೆ ಅವನ ಕೈಯಲ್ಲಿಲ್ಲ, ತೋಟ ಅವನದು.

ನೀನು ಮಾತ್ರ ಇಂಗ್ಲಿಷಿಗೆ ಬಂದಕೂಡಲೇ ನಿನ್ನ ತೋಟಕ್ಕೂ ‘ಬಂದೀತು’ ಅನ್ನುತ್ತೀ. ಆ ಪ್ರಾಜೆಕ್ಟನ್ನು ರಾತ್ರಿಯೆಲ್ಲ ಕೂತು ಮಾಡಿದವಳು ನೀನೇ ಅಲ್ಲವೇ?

1975ರಲ್ಲಿ ರಾಬಿನ್ ಲೇಕಾಫ್ ಎಂಬ ಅಮೆರಿಕದ ಭಾಷಾಶಾಸ್ತ್ರಜ್ಞೆ, ಹೀಗೆ ಅಳುಕುತ್ತ ಮಾತಾಡುವುದು ಹೆಂಗಸರ ಮಾತಿನ ಲಕ್ಷಣ ಎಂದು ಬರೆದರು. ಕೆಲ ವರ್ಷಗಳ ನಂತರ ಓ’ಬಾರ್ ಮತ್ತು ಆಟ್ಕಿನ್ಸ್ ಎಂಬಿಬ್ಬರು ಅಲ್ಲಿನ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರನ್ನು ಗಮನಿಸಿದರು. ಗಂಡಸರೂ ಹಾಗೆ ಮಾತಾಡುತ್ತಿದ್ದರು; ಸಮಾಜದಲ್ಲಿ ಕೆಳಗಿನ ಮೆಟ್ಟಿಲಲ್ಲಿದ್ದವರು, ಕೋರ್ಟು ಹೊಸದಾಗಿದ್ದವರು. ಇದನ್ನು ನಿನಗೆ ಬೇಕೆಂದೇ ಹೇಳುತ್ತಿದ್ದೇನೆ. ನಿನ್ನ ಅಳುಕು ಹೆಣ್ಣಾದದ್ದಕ್ಕೂ ಅಲ್ಲ, ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ್ದಕ್ಕೂ ಅಲ್ಲ. ಆ ಕೋಣೆ ನಿನಗೆ ಹೊಸದು, ಅಷ್ಟೇ.

1909ರಲ್ಲಿ ಇದೇ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದರು, ಇಂಗ್ಲಿಷ್ ಕಲಿಸುವವರನ್ನೇ ತಯಾರು ಮಾಡುವ ಹೈದರಾಬಾದಿನ ಕೇಂದ್ರ ಸಂಸ್ಥೆಗೆ ನಿರ್ದೇಶಕರಾದರು. ಕನ್ನಡವನ್ನೂ ಬಿಡಲಿಲ್ಲ. ಈ ಊರಿನ ನಾಲಿಗೆಗೆ ಇಂಗ್ಲಿಷ್ ಪರಕೀಯವೆಂದು ಯಾರಾದರೂ ಅಂದರೆ ನಂಬಬೇಡ.

ನಿನ್ನ ಉತ್ತರಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು. ಒಂದೊಂದು ‘ಲೈಕ್’ ಬಂದಾಗಲೂ, ಇಲ್ಲಿ ನನಗೆ ನಿಜವಾಗಿ ಅನುಮಾನ ಇದೆಯೇ ಎಂದು ನಿನ್ನನ್ನೇ ಕೇಳಿಕೋ. ಇದ್ದರೆ ಇರಲಿ. ಹಿರಿಯರ ಮಾತನ್ನು ಒಪ್ಪದಿರುವಾಗ ‘ಮೇಬಿ’ ಅನ್ನುವುದು ಮರ್ಯಾದೆ, ಅದನ್ನು ಬಿಡಬೇಡ. ಪದ ಸಿಗದೆ ತಡವರಿಸಿದರೆ ಒಂದು ಗಳಿಗೆ ಸುಮ್ಮನಿರು, ಅವರು ಕಾಯುತ್ತಾರೆ. ಗೊತ್ತಿಲ್ಲದ್ದು ಕೇಳಿದರೆ ‘ಐ ಡೋಂಟ್ ನೋ ಸರ್, ಐ ವಿಲ್ ಲರ್ನ್’ ಅನ್ನು. ಎಕ್ಸೆಲ್ ಬಗ್ಗೆ ಕೇಳಿದರೆ ‘ಯೆಸ್, ಐ ನೋ’ ಎಂದು ಹೇಳಿ, ಮಾಡಿದ ಕೆಲಸವನ್ನು ತೋರಿಸು.