ಹರಾಜಿನ ಪೊಲೀಸ್ ಜೀಪು ಹೆಸರಿಗೆ ಬರುತ್ತದೆಯೇ?

ಪ್ರಶ್ನೆ: ಭೀಮನಬೀಡಿನ ರೈತರೊಬ್ಬರಿಗೆ ಪೊಲೀಸ್ ಇಲಾಖೆಯ ಹಳೇ ಜೀಪನ್ನು ಹರಾಜಿನಲ್ಲಿ ಕೊಂಡು ತೋಟದ ಓಡಾಟಕ್ಕೆ ಇಟ್ಟುಕೊಳ್ಳುವ ಆಸೆ. ದಾಖಲೆಯದೇ ಚಿಂತೆ.

ವಕೀಲರ ಉತ್ತರ: ಮೊದಲು ಆರ್‌ಸಿಯಲ್ಲಿ ನೋಂದಣಿ ದಿನಾಂಕ ನೋಡಿ. 15 ವರ್ಷ ದಾಟಿದ್ದರೆ ಆಸೆ ಬಿಡಿ. 2023ರ ಏಪ್ರಿಲ್ 1ರಿಂದ ಅಂಥ ಸರ್ಕಾರಿ ವಾಹನದ ನೋಂದಣಿ ನವೀಕರಣವಾಗುವುದಿಲ್ಲ. ಎಂಜಿನ್ ಎಷ್ಟೇ ಗಟ್ಟಿಮುಟ್ಟಾಗಿರಲಿ, ಅದು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು.

ವಯಸ್ಸು ಕಡಿಮೆಯಿದ್ದರೆ ದಾರಿಯುಂಟು. ವಾಹನ ಕೈಗೆ ಬಂದ 30 ದಿನದೊಳಗೆ ಆರ್‌ಟಿಒಗೆ ನಮೂನೆ 32 ಸಲ್ಲಿಸಿ. ಜೊತೆಗೆ ಆರ್‌ಸಿ, ವಿಮೆ, ಮಾರಾಟ ದೃಢೀಕರಣ ಪತ್ರ ಮತ್ತು ಹರಾಜಿಗೆ ಅನುಮತಿಸಿದ ಸರ್ಕಾರಿ ಆದೇಶದ ದೃಢೀಕೃತ ಪ್ರತಿ. ಈ ಕೊನೆಯ ಕಾಗದ ಕೊಡುತ್ತಾರೆಯೇ ಎಂದು ಬಿಡ್ ಕೂಗುವ ಮೊದಲೇ ಕೇಳಿ. ಸೈರನ್, 'ಪೊಲೀಸ್' ಬರಹ ತೆಗೆಸಿಯೇ ರಸ್ತೆಗಿಳಿಸಿ.

ಠಾಣೆಯಂಗಳದ ಜಪ್ತಿ ವಾಹನದ ಲೆಕ್ಕ ಬೇರೆ. ಅದಾದರೆ ಹರಾಜಿನ ಆದೇಶವನ್ನು ಗುಂಡ್ಲುಪೇಟೆಯಲ್ಲಿ ವಕೀಲರಿಗೆ ತೋರಿಸಿ, ಆಮೇಲೆ ಹಣ ಕಟ್ಟಿ.